ಇಪ್ಪತ್ತಾರರ ತನಕ ಎಣಿಸಿದ್ದು

ಕರ್ಪೂರದ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಮಂಗಳಾರತಿ ನೆನಪಾಗುತ್ತದೆ. ನನಗೆ ನಾನು ಮಾಡಿದ ಒಂದು ಕತ್ತೆ ಕೆಲಸ ನೆನಪಾಗುತ್ತದೆ. ಸುತ್ತಿ ಬಳಸಿ ಹೇಳುವುದಿಲ್ಲ. ಹಿಮಾಲಯದ ಒಂದು ಟೆಂಟಿನೊಳಗೆ ಕೂತು, ಐವತ್ತಾರು ವರ್ಷದ ಮನುಷ್ಯನೊಬ್ಬರ ದನಿಯಲ್ಲಿ, ಒಂದೇ ಉಸಿರಿಗೆ, ಒಂದರಿಂದ ಇಪ್ಪತ್ತಾರರ ತನಕ ನಾನು ಎಣಿಸಿದೆ. ಎಣಿಸಬೇಕಾಗಿದ್ದವರು ನನ್ನ ಪಕ್ಕದಲ್ಲೇ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿದ್ದರು. ಹದಿನೈದಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ನಿಲ್ಲಿಸಲಿಲ್ಲ. ಚೆನ್ನಾಗಿ ಬರುತ್ತಿತ್ತಲ್ಲ, ಅದಕ್ಕೆ.

ಹೋದ ವಾರ ಶಾರ್ಲೆಟ್‌ನ ನನ್ನ ಅಪಾರ್ಟ್‌ಮೆಂಟಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಕಡುನೀಲಿ ಬಣ್ಣದ ದಪ್ಪ ಜಾಕೆಟ್. ಎಡಗಡೆಯ ಜೇಬಿನಲ್ಲಿ ಗಂಟು ಹಾಕಿದ ಕರವಸ್ತ್ರ. ಗಂಟು ಬಿಚ್ಚಿದರೆ ಒಳಗೆ ಏನೂ ಇಲ್ಲ. ಕರ್ಪೂರ ಯಾವತ್ತೋ ಹಾರಿಹೋಗಿದೆ. ವಾಸನೆ ಮಾತ್ರ, ಮನೆ ಖಾಲಿ ಮಾಡಲು ಒಪ್ಪದ ಬಾಡಿಗೆದಾರನ ಹಾಗೆ, ಬಟ್ಟೆಯೊಳಗೆ ಕೂತಿದೆ.

ಜಾಕೆಟ್ ಮೇಲಿನಮನೆ ಅಂಕಲ್ ಅವರದು. ಆರು ವರ್ಷದ ಹಿಂದೆ ನಾನು ರಾಕ್‌ವಿಲ್‌ನಲ್ಲಿ ಅವರ ಬೇಸ್‌ಮೆಂಟಿನಲ್ಲಿದ್ದೆ. ಅವರೂ ಆಂಟಿಯೂ ಮೇಲೆ, ನಾನು ಕೆಳಗೆ. ಅವರು ಸರ್ಕಾರಿ ಲ್ಯಾಬ್ ಒಂದರಲ್ಲಿ ದೊಡ್ಡ ಕೆಲಸದಲ್ಲಿದ್ದರು. ನಾನು ಬೇರೊಂದು ಲ್ಯಾಬಿನಲ್ಲಿ ಇಲಿಗಳ ಪಂಜರ ತೊಳೆಯುತ್ತಿದ್ದೆ. ವಿಜ್ಞಾನಕ್ಕೆ ನಮ್ಮಿಬ್ಬರ ಸೇವೆಯೂ ಸಮಾನ ಎಂದು ಅವರು ಹೇಳುತ್ತಿದ್ದರು. ಹೇಳುವಾಗ ನನ್ನಿಂದ ಸ್ವಲ್ಪ ದೂರ ನಿಲ್ಲುತ್ತಿದ್ದರು, ಇಲಿಯ ವಾಸನೆಗೆ.

ನನಗೆ ಇದ್ದ ಒಂದೇ ವಿದ್ಯೆ ಅಣಕಿಸುವುದು. ಶನಿವಾರದ ಪಾಟ್‌ಲಕ್ಕುಗಳಲ್ಲಿ ಅವರ ಮನೆಗೆ ಎಲ್ಲರೂ ಒಂದೊಂದು ಅಡುಗೆ ತಂದರೆ ನಾನು ಏನೂ ತರುತ್ತಿರಲಿಲ್ಲ, ಬಾಯಿ ಮಾತ್ರ ತರುತ್ತಿದ್ದೆ. ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಅರ್ಚನೆಗೆ ನಿಂತ ಹುಡುಗನನ್ನು ಭಟ್ಟರು "ಗೋತ್ರ?" ಎಂದು ಕೇಳುವುದು, ಊರು ಕೇಳಿದರೆಂದುಕೊಂಡು ಅವನು "ಐ ಥಿಂಕ್ ಮಾಂಟ್ಗಮರಿ ಕೌಂಟಿ" ಅನ್ನುವುದು. ವೀಸಾ ಆಫೀಸಿನ ಕಿಟಕಿಯಲ್ಲಿ ನಾನೇ ನನ್ನ ಹೆಸರು ಮರೆತು ಬೆವರುವುದು. ಇವೆಲ್ಲ ಉಪ್ಪಿನಕಾಯಿ. ಊಟವೆಂದರೆ ಮೇಲಿನಮನೆ ಅಂಕಲ್‌ರ ಸಂಧ್ಯಾವಂದನೆ.

ಆ ಮನೆಯ ಹೀಟಿಂಗ್ ಕೊಳವೆಗಳು ಬಿಸಿಗಾಳಿಯ ಜೊತೆಗೆ ಮೇಲಿನ ಮಾತನ್ನೂ ಕೆಳಕ್ಕೆ ತರುತ್ತಿದ್ದವು. ದಿನಾ ಬೆಳಿಗ್ಗೆ ನನ್ನ ತಲೆಯ ಮೇಲಿನ ಜಾಲರಿಯಿಂದ ದೇವರ ಇಪ್ಪತ್ತನಾಲ್ಕು ನಾಮಗಳು ಉದುರುತ್ತಿದ್ದವು. ಕೇಶವಾಯ ನಮಃ, ನಾರಾಯಣಾಯ ನಮಃ... ಸರಸರ ಬಂದು ಒಂಬತ್ತನೆಯದಾದ ಶ್ರೀಧರನ ಹತ್ತಿರ ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ಒಂದು ಉದ್ದನೆಯ "ಹ್ಹಾ...", ಹಳೇ ಸ್ಕೂಟರಿಗೆ ಕಿಕ್ ಹೊಡೆದಂತೆ. ನಂತರವೇ ಹೃಷೀಕೇಶ. ಒಂದು ದಿನವೂ ತಪ್ಪಿದ್ದಿಲ್ಲ. ನಾನು ಎಲ್ಲರೆದುರು ಅದನ್ನು ಮಾಡಿ, ಶ್ರೀಧರನ ಹತ್ತಿರ ಕಣ್ಣು ಮೇಲೆ ಮಾಡಿ ಉಸಿರೆಳೆದರೆ, ನದಿಯಾಚೆಯ ಊರಾದ ಸ್ಟರ್ಲಿಂಗ್‌ನಿಂದ ಬಂದವರು ತಟ್ಟೆ ಕೆಳಗಿಟ್ಟು ನಗುತ್ತಿದ್ದರು. ಅಂಕಲ್ಲೂ ನಗುತ್ತಿದ್ದರು. ಆಂಟಿ ನಗುತ್ತಿದ್ದರೋ ಇಲ್ಲವೋ... ನೋಡಿದ ನೆನಪಿಲ್ಲ.

ಅವರ ಮನೆಯ ಲಿವಿಂಗ್ ರೂಮಿನಲ್ಲಿ ಒಂದು ಕಪ್ಪುಬಿಳುಪು ಫೋಟೋ ಇತ್ತು. ಹಿಂದೆ ಹಿಮದ ಗೋಡೆ, ಮಧ್ಯೆ ಒಂದು ಸರೋವರ, ಮುಂದೆ ಉಣ್ಣೆ ಟೋಪಿ ಹಾಕಿದ ಐದು ಹುಡುಗರು. ಮೈಸೂರಿನ ಕಾಲೇಜಿನ ಹೈಕಿಂಗ್ ಸಂಘ. ಐವರಲ್ಲಿ ಅಂಕಲ್ ಇರಲಿಲ್ಲ. ತಾನಿಲ್ಲದ ಗ್ರೂಪ್ ಫೋಟೋಗೆ ಫ್ರೇಮ್ ಹಾಕಿಸಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು.

"ತೆಗೆದೋನು ನಾನೇ ಅಲ್ವೇನಪ್ಪಾ! ಕ್ಯಾಮೆರಾ ಹಿಂದೆ ಇದ್ದೋನು ಫೋಟೋದಲ್ಲಿ ಹೇಗೆ ಬರ್ತಾನೆ?"

ಆ ಸರೋವರವನ್ನು ಅವರು ಕೆರೆ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ಸಾವಿರ ಅಡಿಯ ಮೇಲಿನ ನೀರನ್ನು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್ ಮುಗಿಸಿ ಬಂದವರ ಹಾಗೆ, "ಕೆರೆ ತುಂಬಾ ಚೆನ್ನಾಗಿತ್ತು" ಅನ್ನುತ್ತಿದ್ದರು. ಇನ್ನೊಂದು ಸಲ ಹೋಗಬೇಕು ಎಂದು ವರ್ಷಗಟ್ಟಲೆ ಹೇಳಿ, ಕೊನೆಗೆ ಒಂದು ಬೇಸಿಗೆಯಲ್ಲಿ ನಿಜವಾಗಿಯೂ ಹೊರಟರು. ಸ್ಟರ್ಲಿಂಗ್‌ನ ನಾಲ್ವರು ಸೇರಿದರು. ರಜ ಸಿಕ್ಕಿದ್ದರಿಂದಲೂ ಬೇರೆ ಕೆಲಸವಿಲ್ಲದ್ದರಿಂದಲೂ ನಾನೂ ಸೇರಿದೆ.

ತಯಾರಿಗೆ ಅಂಕಲ್ ಕಂಡುಕೊಂಡ ದಾರಿ ಸೋನಾ ಮಸೂರಿ. ಇಪ್ಪತ್ತು ಪೌಂಡಿನ ಅಕ್ಕಿ ಚೀಲವನ್ನು ಬೆನ್ನಿನ ಬ್ಯಾಗಿಗೆ ತುರುಕಿಕೊಂಡು ನನ್ನ ಬೇಸ್‌ಮೆಂಟಿನಿಂದ ಮಲಗುವ ಕೋಣೆಯ ತನಕ ಮೆಟ್ಟಿಲು ಹತ್ತಿ ಇಳಿಯುವುದು. ಮೊದಲ ವಾರ ಆಂಟಿ ಅಡುಗೆಮನೆಯಿಂದ ಇಣುಕಿ, "ಅನ್ನಕ್ಕಿಡಬೇಕು, ಇಳಿದು ಬನ್ನಿ" ಅನ್ನುತ್ತಿದ್ದರು. ಎರಡನೆಯ ವಾರ ಬೇರೆ ಚೀಲ ತಂದುಕೊಂಡರು. ಅಂಕಲ್ ಕೆಳಗೆ ಬಂದಾಗೆಲ್ಲ ನನ್ನ ಬಾಗಿಲಿಗೆ ಒರಗಿ ನಿಂತು, "ಟ್ರೇನಿಂಗ್ ಸೀರಿಯಸ್ಸಾಗಿ ಮಾಡ್ತಿದೀನಪ್ಪಾ" ಎಂದು ಮೂರು ಕಂತಿನಲ್ಲಿ ಹೇಳುತ್ತಿದ್ದರು. ನಾನು ಅದನ್ನು ನಾಲ್ಕು ಕಂತು ಮಾಡಿ ಮುಂದಿನ ಶನಿವಾರ ಬಡಿಸುತ್ತಿದ್ದೆ.

ಹೊರಡುವ ದಿನ ಆಂಟಿ ಅವರ ಜಾಕೆಟ್ಟಿನ ಜೇಬಿನಲ್ಲಿ ಕರ್ಪೂರದ ಗಂಟು ಇಟ್ಟರು. ಎತ್ತರದಲ್ಲಿ ಉಸಿರು ಕಟ್ಟಿದರೆ ಮೂಸಲು. ನನಗೆ ಒಂದು ಮಾತು ಹೇಳಿದರು: "ನೀನು ಜೊತೇಲಿರ್ತೀಯಲ್ಲ, ಸ್ವಲ್ಪ ನೋಡ್ಕೋ." ಹೂಂ ಅಂದೆ. ಏನು ಕೇಳಿದರೂ ಹೂಂ ಅನ್ನುವ ವಯಸ್ಸು.

ನಮ್ಮ ಗೈಡ್ ಆ ಬೆಟ್ಟದವನೇ, ಮಿತಭಾಷಿ. ದಿನಾ ಸಂಜೆ ಅವನದೊಂದು ಕ್ರಮವಿತ್ತು. ನಾವು ಟೆಂಟು ಸೇರಿ ಜಿಪ್ಪು ಎಳೆದುಕೊಂಡ ಮೇಲೆ, ಊಟಕ್ಕೆ ಮುಂಚೆ, ಹೊರಗೆ ನಿಂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕರೆದವರು ಒಂದೇ ಉಸಿರಿನಲ್ಲಿ ಎಣಿಸಬೇಕು. ಭಾಷೆ ಯಾವುದಾದರೂ ಸರಿ. ಅವನು ಹೊರಗೆ ಬೆರಳು ಮಡಚುತ್ತಿದ್ದ. ಹದಿನೈದು ಮುಟ್ಟಿದವರು ಮರುದಿನ ಮೇಲಕ್ಕೆ, ಮುಟ್ಟದವರು ಕೆಳಕ್ಕೆ. ಒಳಗೆ ಬಂದು ನೋಡಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಮುಖ ನೋಡಿದರೆ ಎಲ್ಲರೂ ಚೆನ್ನಾಗಿದ್ದೇವೆ ಎಂದು ನಗುತ್ತಾರೆ, ಅದಕ್ಕೇ ನೋಡುವುದಿಲ್ಲ ಎಂದಿದ್ದ.

ಐದನೆಯ ಸಂಜೆ. ಕೆರೆಗೆ ಇನ್ನೊಂದೇ ದಿನದ ದಾರಿ. ಅಂಕಲ್‌ಗೆ ಮಧ್ಯಾಹ್ನದಿಂದ ತಲೆನೋವು. ಟೆಂಟಿನಲ್ಲಿ ಮಲಗಿ ಕರವಸ್ತ್ರ ಮೂಗಿಗೆ ಹಿಡಿದುಕೊಂಡಿದ್ದರು. ಇಡೀ ಟೆಂಟು ದೇವರ ಮನೆ ಇದ್ದಂತಿತ್ತು. ಗೈಡ್ ಸ್ಟರ್ಲಿಂಗ್‌ನವರ ಟೆಂಟಿನ ಹತ್ತಿರ ಎಣಿಸಲು ಹೇಳುವುದು ಕೇಳಿಸುತ್ತಿತ್ತು. ಆಗ ಅಂಕಲ್ ಟೆಂಟಿನ ಬಟ್ಟೆ ನೋಡುತ್ತ ಹೇಳಿದರು:

"ಆ ಫೋಟೋ ನಾನು ತೆಗೆದಿದ್ದಲ್ಲ ಕಣಯ್ಯಾ."

"ಮತ್ತೆ?"

"ಇದೇ ಜಾಗ. ಹೀಗೇ ತಲೆನೋವು. ಕ್ಯಾಮೆರಾ ಅವರ ಕೈಗೆ ಕೊಟ್ಟು ನಾನಿಲ್ಲೇ ಉಳಿದೆ. ಅಲ್ಲಿ ಯಾರೋ ಕುರುಬ ಕ್ಲಿಕ್ ಮಾಡಿದನಂತೆ." ಕರವಸ್ತ್ರ ಇನ್ನೊಂದು ಸಲ ಮೂಸಿ ಅಂದರು, "ಆಂಟಿಗೂ ಗೊತ್ತಿಲ್ಲ. ಮೂವತ್ನಾಲ್ಕು ವರ್ಷ ಸುಳ್ಳು ಹೇಳ್ಕೊಂಡು ಬಂದಿದೀನಿ. ನಾಳೆ ಒಂದಿನ ಹತ್ತಿಬಿಟ್ರೆ ಅದು ನಿಜ ಆಗತ್ತೆ, ಅಲ್ವಾ?"

ಆಗುವುದಿಲ್ಲ ಎನ್ನಬಹುದಿತ್ತು. ನಾಳೆ ಹತ್ತಿದರೆ ನಾಳೆಯದು ನಿಜವಾಗುತ್ತದೆ, ಅವತ್ತಿನದು ಹೇಗಾಗುತ್ತದೆ ಎನ್ನಬಹುದಿತ್ತು. ಆ ಮುಖಕ್ಕೆ ಎದುರಾಗಿ ಹಾಗನ್ನುವ ಬುದ್ಧಿ ನನಗೆ ಬರಲಿಲ್ಲ. ಬಂದದ್ದು ಬೇರೆ ಬುದ್ಧಿ. ಹೊರಗೆ ಹೆಜ್ಜೆ ನಿಂತಿತು. "ಅಂಕಲ್‌ಜೀ?" ಎಂದು ಗೈಡ್ ಕರೆದ. ಅವರು ಬಾಯಿ ತೆರೆದು, ನನ್ನ ಕಡೆ ನೋಡಿದರು. ನಾನು ಶುರು ಮಾಡಿದೆ.

ಒಂದು, ಎರಡು, ಮೂರು... ಅವರದೇ ಗಂಟಲು, ಅವರದೇ ಮೈಸೂರು, ಕೊನೆಗೆ ಅವರ ಹಾಗೇ ಸ್ವಲ್ಪ ಮೂಗಿನ ದನಿ. ಹದಿನೈದು ಬಂತು, ಹೋಯಿತು. ಇಪ್ಪತ್ತರಲ್ಲಿ ಇದು ನನ್ನ ಜೀವನದ ಅತ್ಯುತ್ತಮ ಅಣಕ ಎಂದು ಗೊತ್ತಾಯಿತು. ಚಪ್ಪಾಳೆ ಹೊಡೆಯಲು ಜನವಿರಲಿಲ್ಲ, ಅದರ ಬದಲು ಸಂಖ್ಯೆ ಏರಿಸಿದೆ. ಇಪ್ಪತ್ತಾರಕ್ಕೆ ನಿಲ್ಲಿಸಿ, ಅವರು ನಗುವ ಹಾಗೆ ಗಂಟಲಲ್ಲೇ ಒಮ್ಮೆ ನಕ್ಕೆ. ಆಮೇಲೆ ನನ್ನ ಸರದಿ ಬಂದಾಗ ಹದಿನೆಂಟೇ ಬಂತು.

ಊಟದ ಹೊತ್ತಿಗೆ ಅದರ ಫಲ ತಿಳಿಯಿತು. ಗೈಡ್‌ನ ಪದ್ಧತಿಯಲ್ಲಿ ಉಸಿರು ಕಮ್ಮಿ ಇದ್ದವರು ಕೊನೆಯಲ್ಲಿ, ಹೇಸರಗತ್ತೆಯ ಜೊತೆ, ನಿಧಾನಕ್ಕೆ. ಎಲ್ಲರಿಗಿಂತ ಹೆಚ್ಚು ಎಣಿಸಿದವರು ಮುಂದೆ, ಅವನ ಬೆನ್ನ ಹಿಂದೆಯೇ, ಅವನ ನಡಿಗೆಗೆ ಸಮನಾಗಿ. ದಿನಾ ಓಡುವ ಸ್ಟರ್ಲಿಂಗ್ ಮನುಷ್ಯನದು ಇಪ್ಪತ್ತೊಂದಕ್ಕೆ ನಿಂತಿತ್ತು. "ನಾಳೆ ಅಂಕಲ್‌ಜೀ ಮುಂದೆ," ಅಂದ ಗೈಡ್. ಎಲ್ಲರೂ ಚಪ್ಪಾಳೆ ತಟ್ಟಿದರು.

"ಏನ್ ಸಾರ್, ಯಾವ ಅಕ್ಕಿ ತಿಂತೀರಿ?" ಎಂದು ಓಡುವವನು ಕೇಳಿದ.

"ತಿನ್ನಲ್ಲಪ್ಪಾ, ಹೊರ್ತೀನಿ," ಅಂದರು ಅಂಕಲ್. ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮುಂದೆ, ನಾನು ಐದನೆಯವನು. ಸಾಲಿನ ತುದಿಯಲ್ಲಿ ಅವರ ನೀಲಿ ಬೆನ್ನು ಕಾಣುತ್ತಿತ್ತು. ನಿಧಾನ ಮಾಡಿ ಅನ್ನಬೇಕೆಂದರೆ ಕೂಗಬೇಕು, ಕೂಗಲು ನನಗೂ ಉಸಿರಿಲ್ಲ. ಕೊನೆಯ ಏರಿಗೆ ಮುಂಚೆ ಒಂದು ಕಲ್ಲುಗುಪ್ಪೆಯಿದೆ. ಅಲ್ಲಿ ಅವರು ಕೂತರು. ಏನೋ ಹುಡುಕುವವರ ಹಾಗೆ ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದರು, ಗಂಟು ಬಿಚ್ಚಲು ಬೆರಳು ಕೇಳಲಿಲ್ಲ. ತುಟಿ ಜಾಕೆಟ್ಟಿನ ಬಣ್ಣಕ್ಕೆ ತಿರುಗಿತ್ತು. ಗೈಡ್ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಎಣಿಸಿ ಅಂದ. ಐದರ ತನಕ ದನಿ ಬಂತು. ಆರಕ್ಕೆ ತುಟಿ ಮಾತ್ರ ಆಡಿತು.

ಗೈಡ್ ಮಡಚಿದ ಬೆರಳುಗಳನ್ನು ನೋಡಿಕೊಂಡ. ಎದ್ದು, ಉಳಿದವರನ್ನು ದಾಟಿ, ಸೀದಾ ನನ್ನ ಹತ್ತಿರ ಬಂದ. ಆ ಟೆಂಟಿನಲ್ಲಿ ಅವರ ಜೊತೆ ಇದ್ದವನು ನಾನೊಬ್ಬನೇ.

"ಈಗ ನೀನು ಎಣಿಸು. ಅವರ ದನಿಯಲ್ಲಿ."

ಅವರ ದನಿ ಬರಲಿಲ್ಲ. ನನ್ನ ದನಿ ಹನ್ನೊಂದಕ್ಕೆ ನಿಂತಿತು.

"ಇಬ್ಬರೂ ಕೆಳಗೆ," ಅಂದ. ಬೈಯಲಿಲ್ಲ. ಅಂಕಲ್‌ರನ್ನು ತನ್ನ ಕೈಯಿಂದಲೇ ಹೇಸರಗತ್ತೆಯ ಮೇಲೆ ಕೂರಿಸಿ, ಹಗ್ಗ ನನ್ನ ಕೈಗೆ ಕೊಟ್ಟು, ತನ್ನ ಸಹಾಯಕನನ್ನು ಜೊತೆ ಮಾಡಿದ. ಅಂಕಲ್ ಕತ್ತಿನಿಂದ ಕ್ಯಾಮೆರಾ ಬಿಚ್ಚಿ ಓಡುವವನಿಗೆ ಕೊಟ್ಟರು. ಎರಡನೆಯ ಸಲ. ಆ ದಿಣ್ಣೆಯಾಚೆ ಕೆರೆಯಿತ್ತು... ನಾವು ಕಂಡದ್ದು ಅದರ ಮೇಲಿನ ಆಕಾಶ ಸ್ವಲ್ಪ ಹೆಚ್ಚು ಬೆಳ್ಳಗಿದ್ದದ್ದು ಮಾತ್ರ.

ಇಳಿಯುವಾಗ ಅವರು ಒಂದೇ ಮಾತು ಆಡಿದರು, "ಆಂಟಿಗೆ ಹೇಳಬೇಡ." ಕೆಳಗಿನ ಹಳ್ಳಿಯ ಆಸ್ಪತ್ರೆಯಲ್ಲಿ ಎರಡು ದಿನ ಆಕ್ಸಿಜನ್ ಕೊಟ್ಟರು. ಚೇತರಿಸಿಕೊಂಡರು. ರಾಕ್‌ವಿಲ್‌ಗೆ ಬಂದ ಮೇಲೆ ಹಳೆಯ ಫೋಟೋದ ಕೆಳಗೆ ಹೊಸದೊಂದು ನೇತುಹಾಕಿದರು. ಅದೇ ನೀರು, ಮುಂದೆ ಸ್ಟರ್ಲಿಂಗ್‌ನ ನಾಲ್ವರು. ಯಾರಾದರೂ ಕೇಳಿದರೆ "ಫ್ರೆಂಡ್ಸು" ಅನ್ನುತ್ತಿದ್ದರು. ತೆಗೆದೋನು ನಾನೇ ಅನ್ನುವುದನ್ನು ಬಿಟ್ಟಿದ್ದರು. ನಾನು ಅವರ ಸಂಧ್ಯಾವಂದನೆ ಬಿಟ್ಟಿದ್ದೆ. ಪಾಟ್‌ಲಕ್ಕಿನವರು ಒತ್ತಾಯ ಮಾಡಿದಾಗ ಗಂಟಲು ನೋವು ಅನ್ನುತ್ತಿದ್ದೆ. ಮರುವರ್ಷ ಶಾರ್ಲೆಟ್‌ಗೆ ಬಂದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೃದಯ. ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಹಿಮ ಬಿದ್ದು ಫ್ಲೈಟ್ ಕ್ಯಾನ್ಸಲ್ ಆಗಿ ನನಗೆ ಹೋಗಲಾಗಲಿಲ್ಲ. ಮರುದಿನ ಡ್ರೈವ್ ಮಾಡಿಕೊಂಡು ಹೋಗಬಹುದಿತ್ತು...

ಪಾರ್ಸೆಲ್ ಬಂದ ದಿನ ಸಂಜೆ ಆಂಟಿಗೆ ಫೋನ್ ಮಾಡಿದೆ. ಜಾಕೆಟ್ ಸರಿಯಾಗತ್ತಾ ಎಂದರು. ತೋಳು ಉದ್ದ ಅಂದೆ. ಊಟ ಆಯ್ತಾ ಎಂದರು. ಆಯ್ತು ಅಂದೆ, ಆಗಿರಲಿಲ್ಲ. ಆಮೇಲೆ ಯಾಕೋ ಹೇಳಿಬಿಟ್ಟೆ. ಫೋಟೋ ವಿಷಯ ಹೇಳಲಿಲ್ಲ, ಅದು ಅವರದ್ದು. ನನ್ನ ಪಾಲಿನದನ್ನು ಹೇಳಿದೆ. ಟೆಂಟು, ಗೈಡು, ಹದಿನೈದು, ಇಪ್ಪತ್ತಾರು.

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಹೇಗೆ ಎಣಿಸಿದೆ? ಎಣಿಸು, ಕೇಳೋಣ."

"ಬೇಡ ಆಂಟಿ."

"ಎಣಿಸೋ."

ಜಾಕೆಟ್ ಮಡಿಲಲ್ಲಿತ್ತು. ಆರು ವರ್ಷ ಮುಟ್ಟದ ದನಿ, ಎಲ್ಲಿ ಹೋಗಿತ್ತೋ, ಕರೆದ ತಕ್ಷಣ ಬಂತು. ಒಂದು, ಎರಡು, ಮೂರು... ಅವರದೇ ಗಂಟಲು, ಅವರದೇ ಮೈಸೂರು. ಇಪ್ಪತ್ತಾರಕ್ಕೆ ನಿಲ್ಲಿಸಿದೆ. ಕೊನೆಯ ನಗುವನ್ನು ಮಾತ್ರ ಸೇರಿಸಲಿಲ್ಲ. ಮೂಲದವರು ಹೋದ ಮೇಲೆ ಈ ದನಿ ಉಳಿದಿರುವುದು ನನ್ನ ಹತ್ತಿರ ಮಾತ್ರ. ಸರಿಯಾಗಿದೆಯೋ ಇಲ್ಲವೋ ಹೇಳಬಲ್ಲವರು ಫೋನಿನ ಆ ತುದಿಯಲ್ಲಿದ್ದ ಒಬ್ಬರೇ.

"ದನಿ ಸರಿಯಾಗಿದೆ," ಅಂದರು ಆಂಟಿ. "ಆದ್ರೆ ಅವರು ಒಂಬತ್ತಕ್ಕೆ ಉಸಿರು ತಗೋತಾರೆ ಅಂತ ನಿಂಗೆ ಗೊತ್ತಿತ್ತು. ನಮ್ಮನೇಲಿ ಎಲ್ಲರ ಮುಂದೆ ಅದನ್ನೇ ಮಾಡಿ ನಗಿಸ್ತಿದ್ದೆ. ಅಲ್ಲಿ ಮಾತ್ರ ಯಾಕಪ್ಪಾ ಬಿಟ್ಟೆ?"