ಮೊದಲ ಸಲದ ‘ಬ್ಯಾಡ್ರಿ’

ಯಾರ ಮನೆಗೆ ಹೋದರೂ, ಚಹಾ ತಗೋತೀರೇನು ಎಂದು ಕೇಳಿದ ಕೂಡಲೆ, ಬಾಯಾರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದ್ದರೂ, ನನ್ನ ಬಾಯಿಂದ ತಾನಾಗಿ ಹೊರಡುವ ಮಾತು ‘ಬ್ಯಾಡ್ರಿ’ ಎಂಬುದು. ಇದು ಸುಳ್ಳಲ್ಲ, ಶಿಷ್ಟಾಚಾರ. ಕೇಳುವವರಿಗೂ ಗೊತ್ತು, ಹೇಳುವವನಿಗೂ ಗೊತ್ತು, ಒಳಗೆ ಆಗಲೇ ಸ್ಟೋವಿಗೆ ಪಂಪು ಹೊಡೆಯುತ್ತಿರುವ ಗೃಹಿಣಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತು. ಮೊದಲ ಸಲ ನಿರಾಕರಣೆ, ಎರಡನೆಯ ಸಲ ‘ಈಗಷ್ಟ ಕುಡದ ಬಂದೀನ್ರಿ’ ಎಂಬ ಸಮಜಾಯಿಷಿ, ಮೂರನೆಯ ಸಲ ‘ಅರ್ಧಾ ಕಪ್ಪಷ್ಟ’ ಎಂಬ ಔದಾರ್ಯ. ಬಿಜಾಪುರದ ಕಡೆಯಿಂದ ಪುಣೆಗೆ ಬಂದು ಕ್ಯಾಂಪ್ ಪೇಟೆಯ ಒಂದು ಬಟ್ಟೆಯ ಪೇಢಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡಾಗ, ನಾನು ಊರಿನಿಂದ ತಂದ ಆಸ್ತಿಯೆಂದರೆ ಒಂದು ಟ್ರಂಕು, ಈ ಸಂಕೋಚ ಮತ್ತು ಹೆಂಡತಿ ಶಾಂತಾ. ಈ ಅನುಕ್ರಮವನ್ನು ಶಾಂತಾ ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಕೆಳಗಿನ ಕೋಣೆಗಳಿಗೆ ನಾರ್ವೆ ದೇಶದ ಮಿಷನರಿ ಕುಟುಂಬವೊಂದು ಬಾಡಿಗೆಗೆ ಬಂತು: ಪಾದ್ರಿ ಯೋಹಾನ್, ಅವರ ಹೆಂಡತಿ ಕಾರಿನ್, ಇನ್ನೂ ತೊದಲು ಮಾತಾಡುವ ಮಗಳು ಅನ್ನಾ. ಊರಂಚಿನ ಕೊಂಢವಾ ಕಡೆ ಮನೆ ಕಟ್ಟುವ ಕೆಲಸಕ್ಕೆ ಬಂದಿದ್ದ ಗುಲ್ಬರ್ಗಾ ಸೀಮೆಯ ಕೂಲಿಕಾರರ ನಡುವೆ ಸೇವೆ ಮಾಡಬೇಕೆಂದು ಅವರನ್ನು ಕಳಿಸಿದ್ದವರು, ಅಪಾರವಾದ ದೂರದೃಷ್ಟಿಯಿಂದ, ಕನ್ನಡವನ್ನೇ ಕಲಿಯಿರಿ ಎಂದು ಅಪ್ಪಣೆ ಕೊಟ್ಟಿದ್ದರು. ಆದಕಾರಣ ಈ ದಂಪತಿ ಭಾಜಿ ಮಾರುವವಳಿಗೂ ಹಾಲಿನವನಿಗೂ ರಿಕ್ಷಾದವನಿಗೂ ತಿಳಿಯದ ಭಾಷೆಯೊಂದನ್ನು ಮರಾಠಿ ಊರಿನ ನಟ್ಟನಡುವೆ ಕುಳಿತು ಗಟ್ಟಿ ಮಾಡತೊಡಗಿದರು. ಮಾಳಿಗೆಯ ಮೇಲೊಬ್ಬ ಕನ್ನಡಿಗನಿದ್ದಾನೆಂದು ತಿಳಿದದ್ದೇ ತಡ, ನಾನು ಅವರ ‘ಮಾಸ್ತರ’ನಾದೆ.

ಪರಿಚಯದ ಮೊದಲ ದಿನ ಅವರು ನಮ್ಮಿಬ್ಬರನ್ನೂ ಕೆಳಗೆ ಕರೆದಿದ್ದರು. ಏಲಕ್ಕಿ ಹಾಕಿ ಸುಟ್ಟ ಬನ್ನುಗಳ ಪರಿಮಳ ಜಿನೆಯ ಮೆಟ್ಟಿಲು ಹತ್ತಿ ನಮ್ಮ ಮನೆಯವರೆಗೂ ಬಂದಿತ್ತು. ಕಾರಿನ್ ತಟ್ಟೆಯನ್ನು ಮುಂದೆ ಹಿಡಿದರು. ನಾವಿಬ್ಬರೂ ಒಕ್ಕೊರಲಿನಿಂದ ‘ಬ್ಯಾಡ್ರಿ’ ಎಂದೆವು. ಆ ಸಾಧ್ವಿ ನಕ್ಕು, ತಲೆಯಾಡಿಸಿ, ತಟ್ಟೆಯನ್ನು ಒಳಗಿಟ್ಟು ಬಂದುಬಿಟ್ಟರು! ಎರಡನೆಯ ಸಲ ಕೇಳಲಿಲ್ಲ. ನಾವು ಮುಕ್ಕಾಲು ಗಂಟೆ ಆ ಪರಿಮಳದಲ್ಲಿ ಹವೆಯ ಬಗ್ಗೆ ಮಾತಾಡಿ, ಮೇಲೆ ಬಂದು ಒಣ ಅವಲಕ್ಕಿ ತಿಂದೆವು. ಮುಂದಿನ ವಾರ ಯೋಹಾನ್ ನಮ್ಮಲ್ಲಿಗೆ ಬಂದಾಗ ಶಾಂತಾ ಶೇಂಗಾ ಹೋಳಿಗೆ ಬಡಿಸಿದಳು. ಇನ್ನೊಂದು ಬೇಕೇ ಎಂದು ಅವಳು ಕೇಳಿದ ಕೂಡಲೆ ಅವರು ಹೂಂ ಎಂದರು. ತಟ್ಟೆಯಲ್ಲಿ ಉಳಿಸಬಾರದೆಂಬುದು ಅವರ ಸಂಸ್ಕಾರ, ಖಾಲಿ ತಟ್ಟೆಯನ್ನು ಕಂಡರೆ ತುಂಬಬೇಕೆಂಬುದು ನಮ್ಮ ಸಂಸ್ಕಾರ. ಈ ಎರಡು ಸಂಸ್ಕೃತಿಗಳ ಸಂಘರ್ಷದಲ್ಲಿ ಡಬ್ಬಿ ಬರಿದಾಯಿತು.

“ಪಾಪ, ಆಕಿ ಮನ್ಯಾಗ ಉಪಾಸ ಇಡ್ತಾಳೇನ್ರಿ ಇವರನ್ನ?” ಎಂದು ಶಾಂತಾ ಮರುಗಿದಳು.

ನನ್ನೊಳಗಿನ ಗುರು ಜಾಗೃತನಾದದ್ದು ಆಗಲೇ. ವಿಭಕ್ತಿಪ್ರತ್ಯಯಗಳನ್ನು ಬದಿಗಿಟ್ಟು ನಾನು ಸದಾಚಾರದ ಪಾಠ ಶುರುಮಾಡಿದೆ. ನಮ್ಮಲ್ಲಿ ಏನೇ ಕೊಟ್ಟರೂ ಮೊದಲು ಬೇಡ ಅನ್ನಬೇಕು, ಒಮ್ಮೆಲೇ ಹೂಂ ಅಂದರೆ ಆಶೆಬುರುಕರೆನ್ನುತ್ತಾರೆ, ನಿಜವಾಗಿ ಕೊಡುವವರು ಮತ್ತೆ ಕೇಳಿಯೇ ಕೇಳುತ್ತಾರೆ ಎಂದು ವಿಸ್ತಾರವಾಗಿ ಬೋಧಿಸಿದೆ. ಯೋಹಾನ್ ನಕ್ಕು ಬಿಟ್ಟರು. ಕಾರಿನ್ ಮಾತ್ರ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, “ನಿಮಗ್ಯಾಕ ಸುಮ್ನ ತ್ರಾಸ” ಎಂಬ ಮಾತನ್ನು ಹತ್ತಾರು ಸಲ ಹೇಳಿ ಹೇಳಿ ನಾಲಿಗೆಗೆ ಒಗ್ಗಿಸಿಕೊಂಡರು.

ವಿಚಿತ್ರವೆಂದರೆ, ಅವರಿಗೆ ನಮ್ಮ ರೀತಿಯನ್ನು ಕಲಿಸುತ್ತ ಕಲಿಸುತ್ತ ನಾನು ಅವರ ರೀತಿಗೆ ಮನಸೋತೆ. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ, ಎಂಥ ಪಾರದರ್ಶಕ ಜನ! ಪೇಢಿಯಲ್ಲಿ ನೇರ ನಡೆನುಡಿಯ ಬಗ್ಗೆ ಉಪನ್ಯಾಸ ಕೊಡತೊಡಗಿದೆ. ಮನೆಗೆ ಬಂದವರನ್ನು ಚಹಾ ಬೇಕೇ ಎಂದು ಒಂದೇ ಸಲ ಕೇಳಿ ಸುಮ್ಮನಾಗುವ ವ್ರತ ಹಿಡಿದೆ. ಸಕ್ಕರೆ ಉಳಿಯಿತು, ಬಂದುಹೋಗುವವರು ಕಡಿಮೆಯಾದರು. “ನಿಮ್ಮ ನಾರ್ವೆ ನಿಮ್ಮ ಹತ್ರನ ಇಟ್ಕೋರಿ” ಎಂದು ಶಾಂತಾ ರೇಗಿದರೂ ನಾನು ಜಗ್ಗಲಿಲ್ಲ.

ಹೀಗಿರುವಾಗ ಒಂದು ಸಂಜೆ ಪೇಢಿ ಮುಗಿಸಿ ಬರುತ್ತಿದ್ದೆ. ಕಾರಿನ್ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಹೆಗಲ ಮೇಲೆ ಶಾಲಿನಲ್ಲಿ ಸುತ್ತಿದ ಅನ್ನಾ, ಮುಖ ಕೆಂಪಗೆ, ಕಣ್ಣು ಅರೆಮುಚ್ಚಿ. ಯೋಹಾನ್ ಯಾರೋ ಕೂಲಿಯವರ ಜೊತೆ ಸೊಲ್ಲಾಪುರಕ್ಕೆ ಹೋಗಿದ್ದರು. ಮಗುವಿಗೆ ಜ್ವರ ಏರಿ ಮೈ ಸೆಟೆದುಕೊಂಡಿತ್ತು, ಆಸ್ಪತ್ರೆಗೆ ಹೊರಟಿದ್ದೇನೆ ಎಂದರು ಕಾರಿನ್.

“ನಾ ಬರ್ಲೇನ್ರಿ ಜೋಡಿ?” ಎಂದೆ.

“ಬ್ಯಾಡ್ರಿ. ನಿಮಗ್ಯಾಕ ಸುಮ್ನ ತ್ರಾಸ.”

ನನಗೆ ಆ ಗಳಿಗೆಯಲ್ಲಿ ಏನು ಅನಿಸಿತೆಂದು ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ: ಉಚ್ಚಾರ ಎಷ್ಟು ಶುದ್ಧವಾಗಿದೆ ಎನಿಸಿತು. ಬೇಡವೆಂದರೆ ಬೇಡ, ಪಾರದರ್ಶಕ ಜನ. “ಆಯ್ತ್ರಿ” ಎಂದು ಹೇಳಿ ಜಿನೆ ಹತ್ತಿದೆ. ಆಕೆ ಇನ್ನೂ ಬಾಗಿಲ ಬಳಿಯೇ ನಿಂತಿದ್ದರು. ಬೀಗದ ತೊಂದರೆಯಿರಬೇಕೆಂದುಕೊಂಡೆ.

ಮೇಲೆ ಹೋಗಿ, ಕೈಕಾಲು ತೊಳೆದು, ಸಂಗತಿಯನ್ನು ಶಾಂತಾಳಿಗೆ ಹೇಳಿದೆ, ಉಚ್ಚಾರದ ಪ್ರಶಂಸೆಯ ಸಮೇತ. ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತು.

“ಎಷ್ಟು ಸಲ ಕೇಳಿದ್ರಿ?”

“ಒಂದ ಸಲ. ಬ್ಯಾಡ ಅಂದ್ರಲಾ.”

ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ದಡದಡ ಇಳಿದು ಓಡಿದಳು. ನಾನು ಕಿಟಕಿಯಿಂದ ಬಗ್ಗಿದೆ. ಬೀದಿಯ ತಿರುವಿನಲ್ಲಿ ಕಾರಿನ್ ಒಬ್ಬ ರಿಕ್ಷಾದವನಿಗೆ ನಾನು ಕಲಿಸಿದ ಸ್ವಚ್ಛ ಕನ್ನಡದಲ್ಲಿ ಏನನ್ನೋ ಹೇಳುತ್ತಿದ್ದರು. ಅವನು ಅರ್ಥವಾಗದೆ ಕೈ ತಿರುವುತ್ತಿದ್ದ. ಇಂಗ್ಲಿಷಿಗೆ ಹೊರಳಿದರು, ಅದಕ್ಕೂ ಕೈ ತಿರುವಿದ. ಶಾಂತಾ ಹೋಗಿ ಏನನ್ನೂ ಕೇಳಲೇ ಇಲ್ಲ. ಮಗುವನ್ನು ಎತ್ತಿಕೊಂಡು ರಿಕ್ಷಾದಲ್ಲಿ ಕುಳಿತು, ಕಾರಿನ್ನರ ಕೈ ಹಿಡಿದು ಒಳಗೆಳೆದುಕೊಂಡು, ಬೀದಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಅವನಿಗೆ ಗದರಿದಳು. ನಾನು ಚಪ್ಪಲಿ ಹುಡುಕಿ ಕೆಳಗೆ ಬರುವಷ್ಟರಲ್ಲಿ ರಿಕ್ಷಾ ಹೋಗಿತ್ತು. ಯಾವ ಆಸ್ಪತ್ರೆಯೆಂದೂ ಗೊತ್ತಿರಲಿಲ್ಲ, ಅದನ್ನೂ ನಾನು ಕೇಳಿರಲಿಲ್ಲ. ಅವರು ಮರಳುವವರೆಗೆ ಗೇಟಿನ ಬಳಿ ನಿಂತೇ ಇದ್ದೆ. ನೆರೆಯವರು ಏನಾಯಿತೆಂದು ಕೇಳಿದಾಗಲೆಲ್ಲ, ಮಗುವಿಗೆ ಹುಷಾರಿಲ್ಲ, ನಮ್ಮ ಮನೆಯವರು ಹೋಗಿದ್ದಾರೆ ಎನ್ನುತ್ತಿದ್ದೆ. ‘ನೀವ್ಯಾಕ ಹೋಗಲಿಲ್ರಿ’ ಎಂದು ಯಾರೂ ಕೇಳದಿದ್ದುದು ಅವರ ಸೌಜನ್ಯ.

ಮಗು ಉಳಿಯಿತು. ನಾಲ್ಕೈದು ದಿನಗಳಲ್ಲಿ ಮತ್ತೆ ಜಿನೆಯ ಮೇಲೆ ಕುಣಿಯತೊಡಗಿತು. ನಾನು ಮಾತ್ರ ಪೇಢಿಯಲ್ಲಿ ಕೆಲಸ ಬಹಳವೆಂದು ಪಾಠ ತಪ್ಪಿಸುತ್ತಿದ್ದೆ. ಕೊನೆಗೊಂದು ಭಾನುವಾರ ಕಾರಿನ್ ತಾವೇ ಮೇಲೆ ಬಂದರು. ಬೈಯಲಿ ಎಂದು ಸಿದ್ಧನಾಗಿ ಕುಳಿತೆ, ಬೈದರೆ ಹಗುರಾಗುತ್ತಿತ್ತು. ಅವರು ತಲೆ ತಗ್ಗಿಸಿ, ಪಾಠ ಒಪ್ಪಿಸುವವರಂತೆ ನಿಧಾನವಾಗಿ ಹೇಳಿದರು:

“ಮಾಸ್ತರ, ಅವತ್ತು ತಪ್ಪು ನಂದ ಅದ. ನಾ ಸರಿಯಾಗಿ ಅನ್ನಲಿಲ್ಲ ಕಾಣಸ್ತದ. ನೀವು ತಿರುಗಿ ಕೇಳ್ತೀರಿ ಅಂತ ನಿಂತಿದ್ದೆ. ನಿಮಗ ಸಿಟ್ಟು ಬಂತೇನ್ರಿ?”

ಶಿಷ್ಯೆ ಪಾಠವನ್ನು ಅಕ್ಷರಶಃ ಪಾಲಿಸಿದ್ದರು, ಗುರುವೇ ಮರೆತಿದ್ದ. ಆ ತಪ್ಪನ್ನೂ ಆಕೆ ತನ್ನದೆಂದು ಹೊತ್ತು ಮಾಳಿಗೆ ಹತ್ತಿ ಬಂದಿದ್ದರು. ತಪ್ಪು ನನ್ನದೇ ಎಂದು ಹೇಗೋ ಹೇಳಿದೆ. ಆಕೆ ಅದನ್ನು ನಮ್ಮ ಇನ್ನೊಂದು ಶಿಷ್ಟಾಚಾರವೆಂದುಕೊಂಡಂತೆ ಮುಗುಳ್ನಕ್ಕು, ಮತ್ತೆ ಕೇಳಿದರು.

“ಬ್ಯಾಡ ಅನ್ನೂದು ಕಲಿಸಿದ್ರಿ. ಆದ್ರ ಅಂಜಿಕಿ ಆದಾಗ ಏನನ್ನಬೇಕ್ರಿ?”

ನಾನು ತಡಕಾಡಿದೆ. ನಿರಾಕರಿಸಲು, ಸಂಕೋಚಪಡಲು, ಉಪಚರಿಸಲು ನನ್ನ ಬಳಿ ವಾಕ್ಯಗಳ ಭಂಡಾರವೇ ಇತ್ತು. ಇದಕ್ಕೊಂದೂ ಸಿಗಲಿಲ್ಲ. ಶಾಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು:

“ಅಂಜಿಕಿ ಆಗೇದ, ಜೋಡಿ ಬರ್ರಿ. ಇಷ್ಟ ಅನ್ರಿ.”

“ಅಂಜಿಕಿ ಆಗೇದ, ಜೋಡಿ ಬರ್ರಿ” ಎಂದರು ಕಾರಿನ್. ಆಮೇಲೆ, ಉಚ್ಚಾರ ಸರಿಯಾಯಿತೇ ಎಂದು ಎಂದಿನಂತೆ ನನ್ನ ಮುಖ ನೋಡಿದರು. ಸರಿಯೋ ತಪ್ಪೋ, ನಾನು ಹೇಗೆ ಹೇಳಲಿ? ಆ ಮಾತನ್ನು ಹುಟ್ಟಿದಾರಭ್ಯ ಯಾರೆದುರಿಗೂ ನಾನು ಆಡಿರಲಿಲ್ಲ.