ಸ್ಟೂಲು ಹಿಡಿಯುವವರು

ಒಂದು ವಾರ ನನ್ನದೇ ಮನೆಯ ಹಾಲ್‌ನಲ್ಲಿ ನಾನು ಗೋಡೆ ಸವರಿಕೊಂಡು ಓಡಾಡಿದೆ. ತಪ್ಪು ನನ್ನದೇ. ಜೇಡರ ಬಲೆ ಹೊಡೆಯುವ ಉತ್ಸಾಹದಲ್ಲಿ ಪೊರಕೆಯ ಕೋಲನ್ನು ಛಾವಣಿಯ ದೀಪಕ್ಕೆ ಬಡಿದಿದ್ದೆ. ಅದರ ಗಾಜಿನ ಬಟ್ಟಲು ಬಿರುಕುಬಿಟ್ಟು, ಮೂರು ಸ್ಕ್ರೂಗಳಲ್ಲಿ ಒಂದನ್ನೇ ನಂಬಿಕೊಂಡು ಓರೆಯಾಗಿ ನೇತಾಡುತ್ತಿತ್ತು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಸಾಮ್ರಾಜ್ಯಗಳ ಪತನಕ್ಕೆ ಐದೈದು ಕಾರಣ ಬರೆಸುವ ನನಗೆ ಈ ಒಂದು ಪತನ ತಡೆಯುವ ಉಪಾಯ ಹೊಳೆಯಲಿಲ್ಲ.

ಸ್ಟೂಲು ಹತ್ತಿ ಬಿಚ್ಚಬಹುದಿತ್ತು. ಆದರೆ ಅದರ ಒಂದು ಕಾಲು ಗಿಡ್ಡ, ಯಾರಾದರೂ ಹಿಡಿದುಕೊಳ್ಳಬೇಕು. ನನ್ನ ಜೊತೆ ವಾಸವಿದ್ದ ಸಹೋದ್ಯೋಗಿ ಸುಮಿತ್ರಾ ಹಿಡಿಯುತ್ತಿದ್ದಳು. ಅವಳಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ದೂರವೇನಲ್ಲ, ತೆರಕಣಾಂಬಿ ದಾಟಿ ಹೋದರಾಯಿತು. ಆದರೂ ಸ್ಟೂಲು ಹಿಡಿಯಲು ಬಾ ಎಂದು ಯಾರನ್ನಾದರೂ ಬಸ್ಸು ಹತ್ತಿಸಲಾದೀತೆ?

ಭಾನುವಾರ ಎಲೆಕ್ಟ್ರಿಷಿಯನ್ ಮಾದಪ್ಪನವರು ಬಂದರು. ಎಪ್ಪತ್ತರ ಆಸುಪಾಸು. ದೀಪ ನೋಡಿದರು, ಸ್ಟೂಲು ಅಲ್ಲಾಡಿಸಿ ನೋಡಿದರು.

"ಮನೇಲಿ ಇನ್ಯಾರವ್ರೆ ಮೇಡಂ?"

"ಯಾರೂ ಇಲ್ಲ."

ಹೇಳಿದ ಮೇಲೆ ಗೊತ್ತಾಯಿತು, ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಛಾವಣಿ ನೋಡುತ್ತಲೇ ಹೇಳಿದರು:

"ಮ್ಯಾಕತ್ತುದ್ರೆ ನಂಗೆ ತಲೆ ಸುತ್ತುತದೆ ಕಣವ್ವ. ನಮ್ಮೆಂಗ್ಸು ಇರೋಗಂಟ ಏಣಿ ಇಡ್ಕಂಡು ಬೈತಾ ನಿಂತಿರೋಳು. ಆ ಬೈಗುಳ ಕೇಳ್ತಿದ್ರೆ ಬೀಳಾಕಿಲ್ಲ ಅನ್ಸೋದು. ಈಗ ನೀವೇ ಅತ್ತಿ, ನಾನು ಇಡ್ಕತೀನಿ."

ಮೈನ್ ಆಫ್ ಮಾಡಿ ಹತ್ತಿದೆ. ಉಳಿದಿದ್ದ ಸ್ಕ್ರೂ ತಿರುಗಿಸತೊಡಗಿದೆ. ಕೆಳಗಿನಿಂದ, "ನಿಧಾನಕ್ಕೆ ತಿರುಗ್ಸವ್ವ, ನಾನಿವ್ನಿ," ಎನ್ನುವ ದನಿ ನಿಲ್ಲಲೇ ಇಲ್ಲ. ಸತ್ತ ಹುಳುಗಳ ರಾಶಿಯ ಸಮೇತ ಬಟ್ಟಲು ಕೈಗೆ ಬಂತು. ಇಳಿದಾಗ ಇಬ್ಬರೂ ಬೆವೆತಿದ್ದೆವು. ಬಹಳ ದಿನಗಳ ಮೇಲೆ ಎರಡು ಲೋಟ ಕಾಫಿ ಮಾಡಿದೆ. ಒಬ್ಬರ ಅಳತೆಯೇ ಅಭ್ಯಾಸವಾಗಿ ಎರಡನೆಯದು ನೀರುನೀರಾಗಿತ್ತು. ಅದನ್ನು ನಾನೇ ಕುಡಿದೆ.

ಹೊರಡುವಾಗ ಮಾದಪ್ಪನವರು ಚಪ್ಪಲಿ ಮೆಟ್ಟಿಕೊಂಡೂ ಬಾಗಿಲಲ್ಲೇ ನಿಂತರು. "ರೂಮಿನ ಫ್ಯಾನು ಗೀನು ಎಲ್ಲ ಸರ್ಯಾಗದಾ?"

"ಸ್ವಲ್ಪ ಅಲ್ಲಾಡುತ್ತೆ," ಎಂದೆ.

"ಅಂಗಾರೆ ಬರೋ ಭಾನ್ವಾರ ನೋಡನ ಬುಡಿ." ಮುಖ ಅರಳಿಸಿಕೊಂಡು ಹೋದರು.

ಮೈನ್ ಆನ್ ಮಾಡಿ, ರೂಮಿಗೆ ಹೋಗಿ ಸ್ವಿಚ್ ಹಾಕಿದೆ. ಫ್ಯಾನು ಒಂದಿಷ್ಟೂ ಅಲುಗದೆ ತಿರುಗಿತು. ನಾಚಿಕೆಯಾಯಿತು, ನಿಜ. ಆದರೆ ಫೋನ್ ಮಾಡಿ ಬರಬೇಡಿ ಅನ್ನಲಿಲ್ಲ.