ಮುರಿದರೆ ಹಳದಿ ಹಾಲು

ಬೆರಳ ತುದಿಗೆ ಹತ್ತಿದ ಹಳದಿ ಹಾಲು ಸೋಪಿಗೂ ಹೋಗಿಲ್ಲ. ಅದರ ಹಸಿ ಕಹಿ ವಾಸನೆ ಬೆಳಗಿನಿಂದ ನನ್ನನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. ಶ್ರೀಗಂಧದ ಕಾವಲು ಬಡಾವಣೆಯಲ್ಲಿ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ, ಜಲ್ಲಿ ಗುಡ್ಡೆಯ ಮಗ್ಗುಲಿಗೆ ಆ ಗಿಡ ಎದ್ದಿತ್ತು. ಎದುರು ಮನೆ ಹುಡುಗಿ ಮೊಬೈಲು ಹಿಡಿದು, "ಆಂಟಿ, ಇದು ಕಾಡು ಗಸಗಸೆ ಜಾತಿಯಂತೆ. ಒಣ ನೆಲ, ಒಳ್ಳೇ ಬಿಸಿಲು ಇದ್ರೆ ಸಾಕಂತೆ" ಎಂದಳು. ಅಲ್ಲಮ್ಮಾ, ಫೋಟೋ ತೆಗೆದರೆ ಗಿಡ ಗೊತ್ತಾಗಿಬಿಡುತ್ತದೆಯೇ? ನಾನು ಕಾಂಡ ಮುರಿದೇ ನೋಡಿದೆ. ನೋಡಿ ಅಲ್ಲೇ ಅತ್ತುಬಿಟ್ಟೆ.

ಹಾಗೆ ಮುರಿದು ನೋಡಲು ಕಲಿಸಿದವಳು ನನ್ನ ಅಕ್ಕ, ಗಿರಿಜಕ್ಕ. ಬಸವೇಶ್ವರನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು; ನಾವಿದ್ದ ಹೆಂಚಿನ ಮನೆಯ ಜಾಗದಲ್ಲಿ ಈಗ ನಾಲ್ಕು ಮಹಡಿ ನಿಂತಿದೆ, ನಿಮ್ಮ ಬಾಲ್ಯದ ಬೀದಿಯೂ ಹೀಗೇ ಹೋಗಿರಬೇಕು. ದಾವಣಗೆರೆ ಕಡೆಯಿಂದ ಬಂದ ಅಜ್ಜಿಗೆ ಬೆಳಗಿನ ಲಿಂಗಪೂಜೆಗೆ ಹೂವಿಲ್ಲದಿದ್ದರೆ ಕೈಯೇ ಓಡುತ್ತಿರಲಿಲ್ಲ. ಬೇಸಿಗೆಯಲ್ಲಿ ಆ ಬರಡು ನೆಲದಲ್ಲಿ ಅರಳುತ್ತಿದ್ದುದು ಅರಿಶಿನ ದತ್ತೂರಿಯೊಂದೇ. ಮೈಯೆಲ್ಲ ಮುಳ್ಳು, ಎಲೆಯ ನರದುದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಗೆರೆ, ನೆತ್ತಿಯ ಮೇಲೆ ಕಾಗದಕ್ಕಿಂತ ತೆಳುವಾದ ಹಳದಿ ಹೂವು. ಹೂ ಬಿಡುವ ಮುನ್ನ ಅದರ ಹಾಗೇ ಕಾಣುವ ಇನ್ನೊಂದು ಗಿಡವೂ ಇತ್ತು. "ಎಲೆ ನೋಡಿ ನಂಬಬೇಡ ಕಣೇ, ಮುರಿದು ನೋಡು. ಬಿಳಿ ಹಾಲು ಬಂದ್ರೆ ಬೇರೇದು, ಹಳದಿ ಬಂದ್ರೆ ನಮ್ದು. ಕಣ್ಣಿಗೆ ಮಾತ್ರ ತಾಗಿಸ್ಕೋಬೇಡ" ಎನ್ನುತ್ತಿದ್ದಳು ಅಕ್ಕ. ಎಸಳು ಉದುರುವ ಮೊದಲೇ ತಲುಪಿಸಬೇಕೆಂದು ಹೂವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡುತ್ತಿದ್ದಳು. "ಬಂತು ನೋಡವ್ವಾ ನನ್ನ ಬಿರುಗಾಳಿ" ಎಂದು ಅಜ್ಜಿ ನಗುತ್ತಿದ್ದಳು.

ಹೈಸ್ಕೂಲಿನ ಕೊನೆಯ ವರ್ಷ ಅಕ್ಕನಿಗೆ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದವಳನ್ನು ಎತ್ತಿಕೊಂಡು ಮನೆಗೆ ತಂದರು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಅಂಗೈಯಲ್ಲಿ ಲಿಂಗವಿಟ್ಟು. ಸೇವಂತಿಗೆ, ಮಲ್ಲಿಗೆ ರಾಶಿ ತಂದಿದ್ದರು. ಅಜ್ಜಿ ಅವನ್ನು ಕಣ್ಣೆತ್ತಿಯೂ ನೋಡದೆ, ರುದ್ರಭೂಮಿಯ ಬೇಲಿ ಮಗ್ಗುಲಿಂದ ಹೂವಿದ್ದ ದತ್ತೂರಿ ಟೊಂಗೆಯೊಂದನ್ನು ಮುರಿದು ತಂದಳು. ಲಿಂಗದ ಜೊತೆ ಅದನ್ನೇ ಇಡಬೇಕೆಂದಳು. "ಹೊತ್ತಾಯ್ತಮ್ಮಾ, ಕೊಡಿ" ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. ಅಜ್ಜಿ ಗುಂಡಿಯ ಅಂಚಿಗೆ ಕುಳಿತುಬಿಟ್ಟಳು. "ತಡೀರಪ್ಪಾ, ಮುಳ್ಳೈತಿ. ಚುಚ್ತೈತಿ ನನ್ನ ಕೂಸಿಗೆ" ಎನ್ನುತ್ತ ಒಂದೊಂದೇ ಮುಳ್ಳನ್ನು ಉಗುರಿನಿಂದ ಕೀಳತೊಡಗಿದಳು. ಗುದ್ದಲಿ ಹಿಡಿದವರು ಅದನ್ನು ಕೆಳಗಿಟ್ಟು ನಿಂತರು. ಯಾರೂ ಅವಸರ ಮಾಡಲಿಲ್ಲ.